ಬೀಗ ತರಲು ಹೋದವನು

ಪುಟ್ಟಿ,

ಊರಿಗೆ ಬಂದು ಒಂಬತ್ತು ದಿನವಾಯಿತು. ದಿನಾ ಫೋನಿನಲ್ಲಿ ಮಾತಾಡುತ್ತಲೇ ಇದ್ದೇವೆ. ಊಟ ಆಯ್ತಾ, ಬಿಪಿ ಮಾತ್ರೆ ತಗೊಂಡ್ಯಾ, ಅಲ್ಲಿ ಚಳಿ ಹೇಗಿದೆ. ಆ ಶನಿವಾರದ ಮಾತನ್ನು ಮಾತ್ರ ನೀನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಏರ್‌ಪೋರ್ಟಿನಲ್ಲಿ ಹೇಳಿಬಿಡೋಣ ಅಂದುಕೊಂಡಿದ್ದೆ. ಲಗೇಜಿನ ತೂಕ ಜಾಸ್ತಿ ಬಂದು ನಿಮ್ಮಮ್ಮ ನೆಲದ ಮೇಲೇ ಬ್ಯಾಗು ಬಿಚ್ಚಿಕೊಂಡು ಕೂತಳು. ಹೇಳುವ ಹೊತ್ತು ಅಲ್ಲೇ ಕಳೆದುಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದಲ್ಲಿ ಒಂದು ಅನುಕೂಲ, ನಡುವೆ ನೀನು ಬಾಯಿ ಹಾಕೋಕಾಗಲ್ಲ.

ಆ ಎರಡು ದಿನ ನಮಗೋಸ್ಕರ ಎಷ್ಟು ಒದ್ದಾಡಿದೆ ಅನ್ನುವುದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಮ್ಯಾಡ್ರಿಡ್‌ನಿಂದ ಬಾಡಿಗೆ ಕಾರಿನಲ್ಲಿ ಗ್ವಾದರ್ರಾಮ ಬೆಟ್ಟ ದಾಟಿಸಿ, ಸ್ಪೇನಿನ ಆ ಪುಟ್ಟ ಹಳೇ ಊರಿಗೆ ಕರೆದುಕೊಂಡು ಹೋದೆ. ನಾನು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಒತ್ತುತ್ತಿದ್ದೆ. ಏಪ್ರಿಲ್ ಕೊನೆಯಲ್ಲೂ ಬೆಟ್ಟದ ತುದಿಯಲ್ಲಿ ಹಿಮ. ದಾರಿಯ ಯಾವುದೋ ಹಳ್ಳಿಯ ಚರ್ಚಿನ ಮೇಲೆ ಗೂಡು ಕಂಡು ನಿಮ್ಮಮ್ಮ "ಕೊಕ್ಕರೆ ಬೆಳ್ಳೂರು, ಕೊಕ್ಕರೆ ಬೆಳ್ಳೂರು" ಅಂತ ಕೂಗಿದಳು. ಊರಿನ ಹೆಸರನ್ನು ನಾನು ಪೆದ್ರಾಜ ಅಂದಾಗಲೆಲ್ಲ ನೀನು "ಪೆದ್ರಾಥಾ, ಅಪ್ಪ. ನಾಲಿಗೆ ಹಲ್ಲಿನ ಮಧ್ಯೆ ಇಡು" ಅಂತ ತಿದ್ದುತ್ತಿದ್ದೆ. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು ಅಲ್ವಾ.

ಊರೂ ಚೆನ್ನಾಗಿತ್ತು. ಗುಡ್ಡದ ಮೇಲೆ ಬೆಲ್ಲದ ಬಣ್ಣದ ಕಲ್ಲಿನ ಮನೆಗಳು, ಸುತ್ತ ಕೋಟೆಗೋಡೆ, ಒಳಗೆ ಹೋಗೋಕೆ ಒಂದೇ ಬಾಗಿಲು, ಆ ಬಾಗಿಲಿಗೆ ಅಂಟಿಕೊಂಡೇ ಊರಿನ ಹಳೇ ಜೈಲು. ಒಂದು ಕಾಲಕ್ಕೆ ಮೆರಿನೊ ಕುರಿಯ ಉಣ್ಣೆಯಲ್ಲಿ ದುಡ್ಡು ಮಾಡಿದ ಊರಂತೆ. ಉಣ್ಣೆ ವ್ಯಾಪಾರ ಬಿತ್ತು, ಜನ ಹೋದರು. ಈಗ ನಾಲ್ಕುನೂರು ಜನವೂ ಇಲ್ಲ. ನಮ್ಮ ಮದ್ದೂರಿನ ಸುತ್ತ ಹಳ್ಳಿಗಳಲ್ಲೂ ಬೀಗ ಬಿದ್ದ ಮನೆಗಳಿಗೇನೂ ಕಮ್ಮಿ ಇಲ್ಲ, ಆದರೆ ಅವರು ಬೀಳೋಕೆ ಬಿಟ್ಟಿಲ್ಲ. ಜುಲೈಯ ಮೊದಲ ಎರಡು ಶನಿವಾರ ಕರೆಂಟು ಆರಿಸಿ ಊರಿಗೆಲ್ಲ ಮೇಣದ ಬತ್ತಿ ಹಚ್ಚುತ್ತಾರೆ ಅಂದೆಯಲ್ಲ, ಅದನ್ನು ನೋಡಬೇಕಿತ್ತು. ಊಟದ ವಿಷಯ ಬಿಡು. ಮಾಂಸ ಬೇಡ ಅಂದರೆ ಸೂಪಿಗೆ ಹ್ಯಾಮ್ ಹಾಕಿ ತಂದರು. ಅವರ ಲೆಕ್ಕದಲ್ಲಿ ಅದು ಮಾಂಸವೇ ಅಲ್ಲ. ನಿಮ್ಮಮ್ಮ ಬ್ರೆಡ್ಡಿಗೆ ಚಟ್ನಿಪುಡಿ ಉದುರಿಸಿಕೊಂಡು ತಿಂದಳು.

ಎಂಟೂವರೆಯಾದರೂ ಬೆಳಕಿತ್ತು. ಚೌಕದ ಕಂಬಗಳ ಕೆಳಗೆ ಕೂತಿದ್ದೆವು. ನೀನು ಹೇಳಿದೆ, "ಅಪ್ಪ, ಕೆಲಸ ಕಾಯಂ ಆಯ್ತು. ನಾನು ಇಲ್ಲೇ ಇರ್ತೀನಿ."

ಕಂಗ್ರಾಟ್ಸ್ ಅನ್ನಬೇಕಾಗಿತ್ತು. ಅನ್ನಲಿಲ್ಲ. "ನಮ್ಮನ್ನ ಬಿಟ್ಟಿರೋಕೆ ನಿಂಗೆ ಮನಸ್ಸಾದ್ರೂ ಹೇಗೆ ಬರುತ್ತೆ?" ಅಂದೆ.

ನೀನು ದನಿ ಎತ್ತಲಿಲ್ಲ. ಕಾಫಿ ಕದಡುತ್ತಲೇ ಅಂದೆ: "ಎಂಟು ವರ್ಷಕ್ಕೇ ಅಭ್ಯಾಸ ಮಾಡಿಸಿದ್ಯಲ್ಲಪ್ಪ. ಬೀಗ ತರ್ತೀನಿ ಅಂತ ಹೋದೋನು ನೀನು."

ಮಾರನೆಯ ಬೆಳಗ್ಗೆ ಕೋಟೆಗೆ ಹೋಗಲೇಬಾರದಾಗಿತ್ತು. ಟಿಕೆಟ್ ತೆಗೆದಾಗಿತ್ತು, ಹೋದೆವು. ಬಾಗಿಲಿನ ತುಂಬ ಕಬ್ಬಿಣದ ಮುಳ್ಳು. ಸುಲೋಆಗಾ ಅನ್ನುವ ಚಿತ್ರಕಾರ ಹಾಳು ಬಿದ್ದಿದ್ದ ಆ ಕೋಟೆಯನ್ನು 1920ರ ದಶಕದಲ್ಲಿ ಕೊಂಡ ಕಥೆ ಮುಗಿಸಿ, ಗೈಡ್ ಹುಡುಗಿ ಆ ಇಬ್ಬರು ಮಕ್ಕಳ ಕಥೆ ಶುರುಮಾಡಿದಳು. ನೀನು ನನ್ನ ಮುಖ ನೋಡದೆ ಒಂದೊಂದೇ ಸಾಲು ಕನ್ನಡಕ್ಕೆ ಹೇಳುತ್ತಾ ಹೋದೆ. ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ.

1525ರಲ್ಲಿ ಪಾವಿಯಾ ಯುದ್ಧದಲ್ಲಿ ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್ ಸ್ಪೇನಿನ ದೊರೆಯ ಸೈನ್ಯಕ್ಕೆ ಸೆರೆಸಿಕ್ಕ. ತನ್ನ ಬಿಡುಗಡೆಗೆ ಗಂಡುಮಕ್ಕಳಿಬ್ಬರನ್ನು ಒತ್ತೆ ಇಟ್ಟ. 1526ರ ಮಾರ್ಚಿನಲ್ಲಿ ಎರಡು ದೇಶಗಳ ಗಡಿಯ ಬಿದಾಸೋವಾ ನದಿಯ ನಡುವೆ ಅದಲು ಬದಲು. ಆ ದಡದಿಂದ ಅಪ್ಪ ಬಂದ, ಈ ದಡದಿಂದ ಮಕ್ಕಳು ಹೋದರು. ದೊಡ್ಡವನಿಗೆ ಎಂಟು. ಚಿಕ್ಕವನಿಗೆ ಇನ್ನೂ ಏಳು ತುಂಬಿರಲಿಲ್ಲ. ಊರು ಸೇರಿದ ಮೇಲೆ ಅಪ್ಪ ಕೊಟ್ಟ ಮಾತಿಗೆ ತಪ್ಪಿದ. ಮಕ್ಕಳು ನಾಲ್ಕು ವರ್ಷ ಸ್ಪೇನಿನಲ್ಲೇ ಉಳಿದರು, ಕೊನೆಗೆ ಪೆದ್ರಾಥಾದ ಈ ಕೋಟೆಯಲ್ಲಿ. 1530ರಲ್ಲಿ ರಾಶಿ ಚಿನ್ನ ಕೊಟ್ಟು ಬಿಡಿಸಿಕೊಂಡರು. ಅದಕ್ಕೆ ಮುಂಚೆ ಅಪ್ಪನ ಕಡೆಯಿಂದ ಒಬ್ಬ ನೋಡಿಕೊಂಡು ಹೋಗಲು ಬಂದಿದ್ದನಂತೆ. ಫ್ರೆಂಚಿನಲ್ಲಿ ಮಾತಾಡಿಸಿದರೆ ದೊಡ್ಡವನಿಗೆ ಅರ್ಥವೇ ಆಗಲಿಲ್ಲವಂತೆ.

ಆಮೇಲೆ ಗೈಡ್ ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಆ ಮಕ್ಕಳು ಇಬ್ಬರಿದ್ದರು. ನೀನು ಒಬ್ಬಳೇ. ನಿನ್ನ ತಮ್ಮನನ್ನು ನಾವು ಜೊತೆಗೆ ಕರೆದುಕೊಂಡು ಹೋದೆವು. ಅದನ್ನು ನೀನು ಇವತ್ತಿನವರೆಗೆ ಬಾಯಿಬಿಟ್ಟು ಹೇಳಿಲ್ಲ.

ನಿನಗೆ ಗೊತ್ತಿರುವ ಕಥೆ ಇದು: ಅಪ್ಪನಿಗೆ ದೇವದುರ್ಗಕ್ಕೆ ವರ್ಗ ಆಯಿತು, ಅಲ್ಲಿ ಒಳ್ಳೆ ಸ್ಕೂಲಿಲ್ಲ, ಮೈಸೂರಿನ ಹಾಸ್ಟೆಲಿಗೆ ಸೇರಿಸಿದರು, ಅಪ್ಪ ಬೀಗ ತರಲು ಹೋದಾಗ ರಾಯಚೂರಿನ ಬಸ್ಸು ಹೊರಟುಬಿಟ್ಟಿತು. ಇಪ್ಪತ್ತು ವರ್ಷದಿಂದ ನಾನು ಇದನ್ನೇ ಹೇಳಿಕೊಂಡು ಬಂದಿದ್ದೇನೆ. ನಿಮ್ಮಮ್ಮನಿಗೂ.

2002ರ ಜೂನ್. ತಗಡಿನ ಟ್ರಂಕಿನ ಮೇಲೆ ಬೆಳಗ್ಗೆಯಷ್ಟೇ ಬಿಳಿ ಬಣ್ಣದಲ್ಲಿ ನಿನ್ನ ಹೆಸರು, ಮೂರನೇ ಕ್ಲಾಸು ಅಂತ ಬರೆಸಿದ್ದೆ. ವಾರ್ಡನ್ "ಬೀಗ ಎಲ್ಲಿ ಸಾರ್, ಇಲ್ಲಿ ಸಾಮಾನು ಕಳುವಾಗುತ್ತೆ" ಅಂದರು. ಸೋಪಿನ ಡಬ್ಬಿ, ತಟ್ಟೆ, ಲೋಟ, ಎರಡು ಜೊತೆ ರಿಬ್ಬನ್ನು, ಎಲ್ಲ ನೆನಪಿಟ್ಟು ತಂದಿದ್ದೆ, ಬೀಗ ಮರೆತಿದ್ದೆ. ಈಗ ತಂದೆ ಅಂದೆ. ನೀನು ಕಾವಲಿಗೆ ಅಂತ ಟ್ರಂಕಿನ ಮೇಲೆ ಹತ್ತಿ ಕೂತೆ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಗೇಟಿನ ಎದುರಿಗೇ ಅಂಗಡಿ ಇತ್ತು. ದಾರಕ್ಕೆ ಪೋಣಿಸಿ ಬೀಗ ನೇತುಹಾಕಿದ್ದರು. ಗಂಟೆ ಐದು. ನನ್ನ ಬಸ್ಸು ಆರೂವರೆಗೆ. ಟೈಮ್ ಇತ್ತು, ಪುಟ್ಟಿ. ದಂಡಿಯಾಗಿ ಇತ್ತು. ವಾಪಸ್ ಒಳಗೆ ಬಂದರೆ ನೀನು ಅಳುತ್ತೀಯ, ನೀನು ಅತ್ತರೆ ನಿನ್ನನ್ನು ಎತ್ತಿಕೊಂಡು ಮನೆಗೆ ಬರುತ್ತೇನೆ, ಅದು ಗೊತ್ತಿತ್ತು. ಬೀಗ ಕೊಳ್ಳಲಿಲ್ಲ. ನೆಟ್ಟಗೆ ಬಸ್‌ಸ್ಟ್ಯಾಂಡಿಗೆ ನಡೆದೆ. ಅಲ್ಲಿ ಸಿಮೆಂಟಿನ ಬೆಂಚಿನ ಮೇಲೆ ಸುಮ್ನೆ ಕೂತಿದ್ದೆ. ಒಂದು ಕಡ್ಲೆಕಾಯಿ ಪೊಟ್ಟಣ ತಗೊಂಡು ಪೂರ್ತಿ ತಿಂದೆ. ಅದು ಯಾಕೆ ನೆನಪಿದೆಯೋ. ಬಸ್ಸು ಹತ್ತಿದ ಮೇಲೆ ನೋಡುತ್ತೇನೆ, ಶರ್ಟಿನ ತೋಳಿಗೆ ನಿನ್ನ ಹೆಸರಿನ ಕೊನೇ ಅಕ್ಷರ ತಿರುವುಮುರುವಾಗಿ ಅಂಟಿತ್ತು.

ಎಷ್ಟು ಹೊತ್ತು ಕಾದೆ ನೀನು? ಕತ್ತಲಾಗುವವರೆಗಾ? ಯಾರು ಇಳಿಸಿದರು? ಒಂದು ದಿನವೂ ಕೇಳಲಿಲ್ಲ ನಾನು.

ಇನ್ನೊಂದು. ಅದು ಬರೀ ವರ್ಗ ಅಲ್ಲ. ಪ್ರಮೋಷನ್ ಮೇಲೆ ಬಂದ ವರ್ಗ. ಬೇಡ ಅಂತ ಬರೆದುಕೊಟ್ಟಿದ್ದರೆ ಕ್ಲಾರ್ಕ್ ಆಗಿ ಮಂಡ್ಯದಲ್ಲೇ ಇರಬಹುದಿತ್ತು. ನಿನಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು ಅಂತ ಬರೆಯಲು ಹೊರಟೆ, ಹೊಡೆದುಹಾಕಿದೆ. ನನಗೂ ಆಫೀಸರ್ ಅನ್ನಿಸಿಕೊಳ್ಳಬೇಕಿತ್ತು. ತಪ್ಪಾಯಿತು ಮಗಳೇ.

ಆದರೂ ನೋಡು, ಕಾಯಂ ಅಂತ ಬಾಯಲ್ಲಿ ಹೇಳಿದರೆ ಸಾಲದು. ಆ ಕಾಂಟ್ರ್ಯಾಕ್ಟ್ ಸ್ಪ್ಯಾನಿಷಿನಲ್ಲಿದೆ ಅಂದೆ, ಭಾಷೆ ಚೆನ್ನಾಗಿ ಬಲ್ಲ ಯಾರ ಹತ್ತಿರವಾದರೂ ಪೂರ್ತಿ ಓದಿಸು. ಒಂದು ಪ್ರತಿ ನನಗೆ ಕಳಿಸು. ಬೆಟ್ಟದ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಿಸಬೇಡ. ಹೋಟೆಲಿನಲ್ಲಿ ಮೊಬೈಲು ಟೇಬಲ್ ಮೇಲೆ ಇಡುವ ಚಟ ಬಿಡು. ಹತ್ತು ವರ್ಷ ಇದ್ದರೆ ಅಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಬಹುದಂತೆ, ಸಿಕ್ಕರೆ ನಮ್ಮ ಪಾಸ್‌ಪೋರ್ಟು ವಾಪಸ್ ಕೊಡಬೇಕಂತೆ. ನೀನು ಏನು ಮಾಡುತ್ತೀಯೋ ಮಾಡು. ಆದರೆ ಅವಸರ ಮಾಡಬೇಡ, ಇನ್ನೂ ಟೈಮಿದೆ. ನಿಮ್ಮಮ್ಮ ಮದುವೆ ಬಗ್ಗೆ ಒಂದು ಸಾಲು ಸೇರಿಸು ಅಂತ ಹಿಂದೆ ನಿಂತಿದ್ದಾಳೆ. ಸೇರಿಸಿದ್ದೇನೆ.

ಮೊನ್ನೆ ಸಂಘದ ಕಟ್ಟೆಯಲ್ಲಿ ಎಲ್ಲರಿಗೂ ಹೇಳಿದೆ, ಮಗಳಿಗೆ ಮ್ಯಾಡ್ರಿಡ್‌ನಲ್ಲಿ ಪರ್ಮನೆಂಟ್ ಆಯ್ತು ಅಂತ. ಎಲ್ಲರಿಗೂ ಕಾಫಿ ಕೊಡಿಸಿದೆ. ನೀನು ಆ ಚೌಕದಲ್ಲಿ ಮಾಣಿಯ ಜೊತೆ ಹ್ಯಾಮಿನ ವಿಷಯಕ್ಕೆ ಪಟಪಟ ಜಗಳವಾಡಿದ್ದನ್ನು ಅಭಿನಯಿಸಿ ತೋರಿಸಿದೆ. ಅವನು ಕೊನೆಗೆ ನಕ್ಕು ದುಡ್ಡು ತಗೊಳ್ಳಲಿಲ್ಲವಲ್ಲ, ಅದನ್ನೂ ಹೇಳಿದೆ. ಆ ಭಾಷೆ ನಿನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬರುವುದನ್ನು ಕೇಳಿದಾಗ ಹೆಮ್ಮೆಯೂ ಆಗುತ್ತದೆ, ಆ ದೊಡ್ಡ ಹುಡುಗನ ನೆನಪೂ ಆಗುತ್ತದೆ. ಭಾನುವಾರದ ಫೋನಿನಲ್ಲಿ ನೀನು 'ಸೌತೆಕಾಯಿ' ಅನ್ನೋಕೆ ಒಂದು ಗಳಿಗೆ ತಡವರಿಸಿದೆ. ನಾನು ಗಮನಿಸಿದೆ.

ಸೆಗೋವಿಯಾದಲ್ಲಿ ಕೊಡಿಸಿದ ಆ ದಪ್ಪ ಬಿಳಿ ಕಾಳನ್ನು ನಿಮ್ಮಮ್ಮ ಅವರೆಕಾಳಿನ ಹಾಗೆ ಸಾರು ಮಾಡೋಕೆ ಹೋದಳು. ಕುಕ್ಕರ್ ಒಂಬತ್ತು ಸಲ ಕೂಗಿದರೂ ಕಲ್ಲಿನ ಹಾಗೇ ಇತ್ತು. ಎಷ್ಟು ಹೊತ್ತು ನೆನೆಸಬೇಕು ಅಂತ ಕೇಳು ಅನ್ನುತ್ತಿದ್ದಾಳೆ. ಇನ್ನೂ ಅರ್ಧ ಕೇಜಿ ಉಳಿದಿದೆ. ಇದು ತಲುಪಿದ ಮೇಲೆ ಫೋನ್ ಮಾಡು.

ನಿನ್ನ
ಅಪ್ಪ