ಕುಂದವಾಡ ಕೆರೆಯ ಒಂದು ಬದಿಯನ್ನು ಹಕ್ಕಿಗಳಿಗೆ ಬಿಡಿ: ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ದಾವಣಗೆರೆ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ಈ ಪತ್ರದಲ್ಲಿ ದೊಡ್ಡ ಅನುದಾನವನ್ನೇನೂ ಕೇಳುತ್ತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕುಂದವಾಡ ಕೆರೆಯ ಒಂದು ಬದಿಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಏನೂ ಮಾಡಬೇಡಿ ಅಂತಷ್ಟೇ ಕೇಳುತ್ತಿದ್ದೇನೆ. ಲೈಟು ಬೇಡ, ಬೋಟು ಬೇಡ, ಕಾಮಗಾರಿ ಬೇಡ. ನಿಮ್ಮ ಟೇಬಲ್‌ಗೆ ಬರುವ ಅರ್ಜಿಗಳಲ್ಲಿ ಇಂಥದ್ದು ಅಪರೂಪ ಇರಬೇಕು.

ಈ ಕೆರೆ ಊರಿಗೆ ಕುಡಿಯುವ ನೀರು ಕೊಡುತ್ತದೆ. ಭದ್ರಾ ನಾಲೆ ನೀರು ತುಂಬಿಕೊಳ್ಳುತ್ತದೆ, ನಮ್ಮ ನಲ್ಲಿಗೆ ಬರುತ್ತದೆ. ಅದೇ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಪಕ್ಕದಲ್ಲೇ ಗಾಜಿನ ಮನೆ ಇರುವುದರಿಂದ ಸಂಜೆ ಜನ ಜಾಸ್ತಿ. ಬೆಳಿಗ್ಗೆ ವಾಕ್ ಮುಗಿಸಿ ಬೆಣ್ಣೆ ದೋಸೆಗೆ ಹೊರಡುವವರು ಒಂದು ಗುಂಪಾದರೆ, ಉದ್ದ ಲೆನ್ಸ್ ಹೊತ್ತು ನೀರಿನ ಕಡೆ ನೋಡುತ್ತಾ ನಿಲ್ಲುವವರು ಇನ್ನೊಂದು ಗುಂಪು. ನಾನು ಎರಡರಲ್ಲೂ ಇದ್ದೇನೆ.

ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ ಇವೆಲ್ಲ ಮನೆಯವರು. ಅಕ್ಟೋಬರ್ ಕಳೆಯುವ ಹೊತ್ತಿಗೆ ನೆಂಟರು ಬರುತ್ತಾರೆ. ಅವರಲ್ಲಿ ನನಗೆ ಇಷ್ಟ ಗದ್ದೆಗೊರವ. ಕಂದು ಬೆನ್ನು, ಬಿಳಿ ಹೊಟ್ಟೆ, ಹೆಗಲ ಹತ್ತಿರ ಮೇಲಕ್ಕೆ ಹತ್ತಿದ ಒಂದು ಬಿಳಿ ಗೆರೆ. ನೋಡಲು ಏನೂ ವಿಶೇಷ ಇಲ್ಲ, ಫೋಟೋಗೆ ಲೈಕೂ ಬರಲ್ಲ ಬಿಡಿ. ಆದರೆ ಅದರ ನಡಿಗೆ ನೋಡಬೇಕು. ನೀರು ಮುಗಿದು ಕೆಸರು ಶುರುವಾಗುವ ಕಡೆ, ಒಂದು ಗೇಣು ಅಗಲದ ಜಾಗದಲ್ಲೇ ಓಡಾಡುತ್ತದೆ. ನಿಂತರೂ ಹಿಂಭಾಗ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಕೊಕ್ಕು ಚುಚ್ಚುತ್ತದೆ, ಹುಳು ಎಳೆಯುತ್ತದೆ, ಮುಂದೆ ಹೋಗುತ್ತದೆ. ಹಿಮಾಲಯದ ಕಡೆಯಿಂದಲೋ, ಅದಕ್ಕಿಂತ ಉತ್ತರದಿಂದಲೋ ಹಾರಿ ಬಂದದ್ದು ಆ ಒಂದು ಗೇಣು ಕೆಸರಿಗಾಗಿ.

ಆ ಕೆಸರು ತಾನಾಗಿಯೇ ಸಿಗುತ್ತದೆ. ಮಳೆಗಾಲದ ಬೆಳೆಗೆ ಬಿಟ್ಟ ನಾಲೆ ನೀರು ನಿಂತ ಮೇಲೆ ಕೆರೆ ನಿಧಾನಕ್ಕೆ ಇಳಿಯುತ್ತದೆ. ಅಂಚಿನಲ್ಲಿ ಒದ್ದೆ ಮಣ್ಣು ತೆರೆದುಕೊಳ್ಳುತ್ತದೆ. ಉದ್ದ ಕಾಲಿನವು ಸ್ವಲ್ಪ ಆಳದಲ್ಲಿ, ಗಿಡ್ಡ ಕಾಲಿನವು ದಡದಲ್ಲಿ ಮೇಯುತ್ತವೆ. ಅಂಚಿಗೆ ಪೂರ್ತಿ ಕಲ್ಲು ಜೋಡಿಸಿದರೆ ನೀರು ಇಳಿದರೂ ಕಾಣುವುದು ಕಲ್ಲೇ. ಏರಿ ಗಟ್ಟಿಯಾಗಿರಲು ಕಲ್ಲು ಬೇಕು, ಒಪ್ಪುತ್ತೇನೆ. ಏರಿಗೆ ಅಪಾಯ ಇಲ್ಲದ ಕಡೆ ಉಳಿದಿರುವ ಮಣ್ಣಿನ ಇಳಿಜಾರನ್ನು ಹಾಗೇ ಬಿಡಿ. ಯಾವ ಬದಿ ಅನ್ನುವುದನ್ನು ನಿಮ್ಮ ಎಂಜಿನಿಯರುಗಳೇ ಹೇಳಲಿ. ಜನರ ಓಡಾಟ ಕಮ್ಮಿ ಇರುವ ಬದಿ ಆದರೆ ಸಾಕು.

ಲೈಟಿನ ವಿಷಯ. ಬಾತುಗಳು ಹಗಲು ನಡುನೀರಲ್ಲಿ ತೂಕಡಿಸುತ್ತಿರುತ್ತವೆ. ಸೋಮಾರಿಗಳು ಅಂದುಕೊಳ್ಳಬೇಡಿ, ಅವು ರಾತ್ರಿ ಪಾಳಿಯವು. ಚಳಿಗಾಲದಲ್ಲಿ ಮೇಯುವುದರಲ್ಲಿ ದೊಡ್ಡ ಪಾಲು ಕತ್ತಲಾದ ಮೇಲೆಯೇ. ಬಣ್ಣದ ಲೈಟು ನೀರಿನ ಮೇಲೆ ಚಂದ ಕಾಣುತ್ತದೆ ನಿಜ, ಆದರೆ ಅದು ಇವುಗಳ ಊಟದ ಹೊತ್ತು. ನಡೆಯುವವರಿಗೆ ಬೆಳಕು ಬೇಕೆಂದರೆ ದೀಪ ದಾರಿಯ ಕಡೆ ಬಾಗಿದ್ದರೆ ಸಾಕಲ್ವಾ? ನೀರಿಗೇಕೆ?

ಈಗ ನಮ್ಮವರ ಬಗ್ಗೆ. ಕ್ಯಾಮೆರಾ ಹಿಡಿದವರೆಲ್ಲ ಹಕ್ಕಿ ಪ್ರೇಮಿಗಳು ಅಂತ ದಯವಿಟ್ಟು ನಂಬಬೇಡಿ. ಹಾರುವ ಫೋಟೋ ಬೇಕು ಅಂತ ಕಲ್ಲು ಎಸೆಯುವವರನ್ನು ಕಣ್ಣಾರೆ ಕಂಡಿದ್ದೇನೆ. ಮೊಬೈಲಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವವರಿದ್ದಾರೆ. ಡ್ರೋನ್ ಬಂತೆಂದರೆ ಗಿಡುಗ ಬಂದಂತೆ ಹಿಂಡಿಗೆ ಹಿಂಡೇ ಏಳುತ್ತದೆ. ನಾಮದ ಕೋಳಿಗೆ ನೀರಿನಿಂದ ಸಲೀಸಾಗಿ ಏಳಲು ಬರುವುದಿಲ್ಲ. ರೆಕ್ಕೆ ಬಡಿಯುತ್ತಾ ನೀರಿನ ಮೇಲೆ ಪಟಪಟ ಓಡಿಯೇ ಏಳಬೇಕು. ನಮಗೆ ಅದೊಂದು ಒಳ್ಳೆ ಫ್ರೇಮು, ಅದಕ್ಕೆ ತಿಂದದ್ದೆಲ್ಲ ದಂಡ. ಹಕ್ಕಿಗಳು ಹಾರುವ ಮೊದಲು ಸೂಚನೆ ಕೊಡುತ್ತವೆ. ಮೇಯುತ್ತಿದ್ದವು ಒಟ್ಟಿಗೆ ತಲೆ ಎತ್ತಿದವೆಂದರೆ ನಾವು ಹಿಂದೆ ಸರಿಯಬೇಕು. ಅದು ತಿಳಿಯದವರಿಗೆ ಹೇಳಲು ಗೇಟಿನಲ್ಲಿ ಒಂದು ಬೋರ್ಡು, ಅದಕ್ಕೂ ಬಗ್ಗದವರಿಗೆ ದಂಡ. ಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಅಂತಲೇ ಕರೆಯುತ್ತದೆ. ಇದೂ ಬೋರ್ಡಿನಲ್ಲಿರಲಿ. ಹಾಗೇ ಮಂಡಕ್ಕಿ ಎಸೆಯಬೇಡಿ ಅಂತಲೂ ಬರೆಸಿ. ಮಂಡಕ್ಕಿ ನಮಗೆ ಸರಿ, ಮೆಣಸಿನಕಾಯಿ ಜೊತೆಗೆ.

ಇನ್ನೊಂದು ಕೆಲಸ ಸುಲಭ. ಪ್ರತಿ ಜನವರಿಯಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದಲೂ. ಮಾಡುವವರು ಬಹುಪಾಲು ನಮ್ಮಂಥ ಹವ್ಯಾಸಿಗಳೇ. ಕುಂದವಾಡದ ಜೊತೆಗೆ ಬಾತಿ, ಕೊಂಡಜ್ಜಿ, ಸೂಳೆಕೆರೆಗಳಲ್ಲೂ ಜಿಲ್ಲಾಡಳಿತವೇ ಮುಂದೆ ನಿಂತು ಈ ಎಣಿಕೆ ಮಾಡಿಸಲಿ. ಕಾಲೇಜು ಹುಡುಗರನ್ನು ಸೇರಿಸಿಕೊಳ್ಳಿ. ಪಟ್ಟಿಯನ್ನು ಕನ್ನಡ ಹೆಸರುಗಳ ಜೊತೆ ಗೇಟಿನಲ್ಲಿ ಹಾಕಿ. ಈಗ ಯಾರಾದರೂ ಎಷ್ಟು ಹಕ್ಕಿ ಬರುತ್ತವೆ ಅಂದರೆ ನಾವು 'ಸುಮಾರು ಬರ್ತವೆ' ಅನ್ನುತ್ತೇವೆ. ಕಾಮಗಾರಿಗೆ ಅಂದಾಜು ಪಟ್ಟಿ ಮಾಡುವ ಅಧಿಕಾರಿಯ ಮುಂದೆ ಆ ಉತ್ತರ ನಿಲ್ಲುವುದಿಲ್ಲ.

ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಗದಗಿನ ಮಾಗಡಿ ಕೆರೆಯೂ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ ಸೇರಿದವು. ಅವೂ ನೀರಾವರಿಗಂತ ಮಾಡಿದ ಕೆರೆಗಳೇ. ಕುಂದವಾಡಕ್ಕೆ ಅಂಥ ಪಟ್ಟ ಕೊಡಿಸಿ ಅನ್ನುತ್ತಿಲ್ಲ. 2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಬಂದಾಗಿನಿಂದ ಪಟ್ಟಗಳು ನಮಗೆ ಹೊಸದೇನಲ್ಲ.

ಅಕ್ಟೋಬರ್ ಮುಗಿಯುವುದರೊಳಗೆ ಯಾವ ಬದಿ ಅನ್ನುವುದು ತೀರ್ಮಾನವಾದರೆ ಈ ಚಳಿಗಾಲಕ್ಕೇ ಜಾರಿಗೆ ತರಬಹುದು. ಸ್ಥಳ ನೋಡಲು ಬರುವುದಾದರೆ ಬೆಳಿಗ್ಗೆ ಏಳರೊಳಗೆ ಬನ್ನಿ, ಸೈರನ್ ಇಲ್ಲದೆ. ಬೈನಾಕ್ಯುಲರ್ ನಾವು ತರುತ್ತೇವೆ.

ಇತಿ,
ಕುಂದವಾಡ ಕೆರೆಗೆ ದಿನಾ ವಾಕ್ ಬರುವ ಒಬ್ಬ ದಾವಣಗೆರೆಯವ