ಅಲ್ಪವಿರಾಮಗಳ ನಡುವೆ ಕಳೆದುಹೋದ ಭಾನುಮತಿ

ಮಾನ್ಯ ಸಂಪಾದಕರೇ,

ದಕ್ಷಿಣ ಭಾರತದ ಹಳೆಯ ತಾರೆಯರ ಬಗ್ಗೆ ಇತ್ತೀಚೆಗೆ ತಮ್ಮ ಸಿನಿಮಾ ಪುರವಣಿಯಲ್ಲಿ ಬಂದ ಬರಹದಲ್ಲಿ ತೆಲುಗು, ತಮಿಳು ಚಿತ್ರರಂಗದ ಪಿ. ಭಾನುಮತಿ ರಾಮಕೃಷ್ಣ ಅವರ ಕಸುಬುಗಳ ಪಾಲಿಗೆ ಸಿಕ್ಕಿದ್ದು ಒಂದೇ ವಾಕ್ಯ: ನಟಿ, ಗಾಯಕಿ, ನಿರ್ಮಾಪಕಿ, ನಿರ್ದೇಶಕಿ, ಸಂಗೀತ ನಿರ್ದೇಶಕಿ, ಲೇಖಕಿ, ಸ್ಟುಡಿಯೋ ಒಡತಿ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಏಳು ಕಸುಬುಗಳನ್ನು ಹೀಗೆ ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿದಾಗ, ಒಂದಕ್ಕೊಂದು ಸಂಬಂಧವಿಲ್ಲದ ಏಳು ವರಗಳು ಒಬ್ಬರಿಗೇ ದಕ್ಕಿಬಿಟ್ಟವೇನೋ ಎಂಬ ಭಾವನೆ ಓದುಗರಿಗೆ ಬರುತ್ತದೆ. ಅವರ ಬದುಕನ್ನು ವರ್ಷಗಳ ಕ್ರಮದಲ್ಲಿ ನೋಡಿದರೆ ಒಂದು ಕೆಲಸದ ಒಳಗಿನಿಂದಲೇ ಇನ್ನೊಂದು ಹುಟ್ಟಿದ್ದು ಕಾಣುತ್ತದೆ. ಎಲ್ಲದರ ಬುಡದಲ್ಲಿ ಇದ್ದದ್ದು ಹಾಡು.

ಈಗಿನ ಪ್ರಕಾಶಂ ಜಿಲ್ಲೆಯ ಒಂಗೋಲಿನ ಆಸುಪಾಸಿನ ದೊಡ್ಡವರಂ ಎಂಬ ಹಳ್ಳಿಯಲ್ಲಿ 1925ರ ಸೆಪ್ಟೆಂಬರ್ 7ರಂದು ಹುಟ್ಟಿದ ಭಾನುಮತಿಗೆ ಸಂಗೀತದ ಮೊದಲ ಪಾಠವಾದದ್ದು ತಂದೆ ಬೊಮ್ಮರಾಜು ವೆಂಕಟಸುಬ್ಬಯ್ಯನವರಿಂದ. ಹಿನ್ನೆಲೆ ಗಾಯನವಿನ್ನೂ ರೂಢಿಗೆ ಬಾರದಿದ್ದ ಆ ಕಾಲದಲ್ಲಿ ತೆರೆಯ ಮೇಲೆ ಹಾಡಬೇಕಾದವರು ತಾವೇ ಹಾಡಬೇಕಿತ್ತು; ಆದ್ದರಿಂದ ಮುಖಕ್ಕಿಂತ ಮೊದಲು ಕಂಠವನ್ನು ನೋಡುತ್ತಿದ್ದರು. 1939ರಲ್ಲಿ ಸಿ. ಪುಲ್ಲಯ್ಯ ನಿರ್ದೇಶಿಸಿದ ‘ವರವಿಕ್ರಯಂ’ ಚಿತ್ರಕ್ಕೆ ಹದಿಮೂರು ಹದಿನಾಲ್ಕರ ಈ ಹುಡುಗಿ ಬಂದದ್ದು ಹಾಗೆ. ವರದಕ್ಷಿಣೆಯ ಪಿಡುಗಿನ ಆ ಕಥೆಯಲ್ಲಿ ಮುದುಕನೊಬ್ಬನ ಕೈಹಿಡಿಯಲು ಒಪ್ಪದೆ ಪ್ರಾಣ ಬಿಡುವ ಕಾಳಿಂದಿಯ ಪಾತ್ರ ಅವರದು. ಯಾವ ನಾಯಕನೂ ಮಗಳನ್ನು ಮುಟ್ಟಿ ಅಭಿನಯಿಸಕೂಡದು ಎಂದು ತಂದೆ ಷರತ್ತು ಹಾಕಿದ್ದರಂತೆ. ಅಂಥ ಷರತ್ತಿಗೂ ನಿರ್ಮಾಪಕರು ತಲೆಯಾಡಿಸಿದ್ದರೆಂದರೆ ಆ ಕಂಠದ ಬೆಲೆ ಏನಿದ್ದಿರಬಹುದು!

1943ರಲ್ಲಿ ‘ಕೃಷ್ಣಪ್ರೇಮ’ದ ಚಿತ್ರೀಕರಣದ ಹೊತ್ತಿಗೆ ಸಹಾಯಕ ನಿರ್ದೇಶಕರಾಗಿದ್ದ ಪಿ. ಎಸ್. ರಾಮಕೃಷ್ಣರಾವ್ ಅವರ ಪರಿಚಯವಾಗಿ, ಅದೇ ವರ್ಷ ಮದುವೆಯೂ ಆಯಿತು. ಮನೆಯ ವಿರೋಧವಿದ್ದ ಮದುವೆ ಅದು. ಬಣ್ಣ ಒರೆಸಿ ಗೃಹಿಣಿಯಾಗಿ ಉಳಿಯಬೇಕೆಂದಿದ್ದ ಅವರನ್ನು ಮತ್ತೆ ಕ್ಯಾಮೆರಾದ ಮುಂದೆ ತಂದದ್ದು ಬಿ. ಎನ್. ರೆಡ್ಡಿಯವರ ‘ಸ್ವರ್ಗಸೀಮ’ (1945). ಬೀದಿಯಲ್ಲಿ ಹಾಡಿ ಕುಣಿಯುತ್ತಿದ್ದ ಸುಬ್ಬಿ, ರಂಗಭೂಮಿಯ ಸುಜಾತಾದೇವಿಯಾಗಿ ಮೆರೆದು, ಸಂಸಾರಸ್ಥನೊಬ್ಬನ ಮನೆ ಮುರಿಯುವ ಕಥೆ ಇದು. (ಆ ಸಂಸಾರಸ್ಥ ಒಬ್ಬ ಪತ್ರಿಕಾ ಸಂಪಾದಕ, ತಾವು ಮನ್ನಿಸಬೇಕು.) ನಾಗಯ್ಯನವರು ನಾಯಕ, ಅವರ ನೊಂದ ಹೆಂಡತಿಯಾಗಿ ನಟಿಸಿದವರು ನಮ್ಮ ಗುಬ್ಬಿ ಕಂಪನಿಯ ಬಿ. ಜಯಮ್ಮ ಎಂಬುದನ್ನು ಕನ್ನಡ ಪತ್ರಿಕೆಯೊಂದು ಮರೆಯಬಾರದಿತ್ತು. ಈ ಚಿತ್ರದ ‘ಓಹೋ ಪಾವುರಮಾ’ ಹಾಡನ್ನು ಈಗಲೂ ಕೇಳಿದರೆ ತಿಳಿಯುತ್ತದೆ: ಅಲ್ಲಿ ಹಾಡುವುದು ಬೇರೆ, ನಟಿಸುವುದು ಬೇರೆ ಆಗಿ ಉಳಿದಿಲ್ಲ. ಬಲೆ ಬೀಸುವ ಹೆಣ್ಣಿನ ತುಂಟತನವೆಲ್ಲ ಸ್ವರದ ಒಳಗೇ ಇದೆ.

1951ರ ‘ಮಲ್ಲೀಶ್ವರಿ’ಯ ವಿಷಯವನ್ನು ತಮ್ಮ ಬರಹ ಒಂದು ಹೆಸರಾಗಿ ಮಾತ್ರ ದಾಟಿಸಿದ್ದು ನನಗೆ ಬಹಳ ಖೇದ ತಂದಿತು. ವಿಜಯನಗರದ ಅರಸು ಶ್ರೀಕೃಷ್ಣದೇವರಾಯ ಒಂದು ಪಾತ್ರವಾಗಿರುವ ಚಿತ್ರ ನಮಗೆ ಹೊರಗಿನದೇನಲ್ಲ. ಮಳೆ ಸುರಿಯುತ್ತಿರುವ ರಾತ್ರಿ, ಹಾದಿಬದಿಯ ಕಲ್ಲಿನ ಮಂಟಪ. ಸಂತೆಯಿಂದ ಹಿಂದಿರುಗುವಾಗ ಅಲ್ಲಿ ತಂಗಿದ ಮಲ್ಲಿ ತನ್ನ ಭಾವ ನಾಗರಾಜನಿಗಾಗಿ ಒಂದು ಜಾವಳಿಯನ್ನು (ಶೃಂಗಾರದ ಹಾಡನ್ನು) ಹಾಡಿ ಕುಣಿಯುತ್ತಾಳೆ. ಮಳೆಗೆ ಆಸರೆ ಬೇಡಿ ವೇಷ ಮರೆಸಿಕೊಂಡು ಬಂದ ರಾಯನೂ ಅವನ ಆಸ್ಥಾನಕವಿ ಅಲ್ಲಸಾನಿ ಪೆದ್ದನನೂ ಅದನ್ನು ನೋಡುತ್ತಾರೆ. ಅವರು ಯಾರೆಂದು ತಿಳಿಯದ ನಾಗರಾಜ, ಇವಳಿಗೆ ಅರಮನೆಯಿಂದ ಪಲ್ಲಕ್ಕಿ ಕಳಿಸಲು ಹೇಳಿ ಎಂದು ತಮಾಷೆಗೆ ಅಂದುಬಿಡುತ್ತಾನೆ. ಮುಂದೊಂದು ದಿನ ಪಲ್ಲಕ್ಕಿ ನಿಜವಾಗಿಯೂ ಬಂದು ನಿಲ್ಲುತ್ತದೆ. ಮುಂದಿನ ಸಂಕಟಕ್ಕೆಲ್ಲ ಮೂಲವಾದ ಈ ಗಳಿಗೆ ನಂಬುವಂತಾಗಬೇಕಾದರೆ ಆ ಹಾಡು ಒಬ್ಬ ಚಕ್ರವರ್ತಿಯನ್ನು ನಿಲ್ಲಿಸುವಂತಿರಬೇಕು, ಆದರೂ ಹಳ್ಳಿಯ ಹುಡುಗಿಯ ಬಾಯಲ್ಲಿ ಹೊಂದಬೇಕು. ಕಂಠವೂ ಮುಖವೂ ಒಬ್ಬರದೇ ಆಗಿದ್ದರಿಂದಲೇ ಅದು ಕೂಡಿಬಂತು. ಎನ್. ಟಿ. ರಾಮರಾವ್ ಅವರ ನಾಗರಾಜ, ದೇವುಲಪಲ್ಲಿ ಕೃಷ್ಣಶಾಸ್ತ್ರಿಗಳ ಸಾಹಿತ್ಯ, ಎಸ್. ರಾಜೇಶ್ವರರಾವ್ ಅವರ ಸಂಗೀತ, ಇವುಗಳ ಹಿರಿಮೆಯನ್ನು ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಮಗ ಭರಣಿಯ ಹೆಸರಿನಲ್ಲಿ ದಂಪತಿ ಕಟ್ಟಿದ ಭರಣಿ ಪಿಕ್ಚರ್ಸ್‌ನಿಂದ ‘ರತ್ನಮಾಲ’, ‘ಲೈಲಾ ಮಜ್ನು’, ‘ವಿಪ್ರನಾರಾಯಣ’, ‘ಬಾಟಸಾರಿ’ ಮುಂತಾದ ಚಿತ್ರಗಳು ಬಂದವು; ಮದರಾಸಿನಲ್ಲಿ ಭರಣಿ ಸ್ಟುಡಿಯೋ ಎದ್ದಿತು. 1953ರ ‘ಚಂಡೀರಾಣಿ’ಯನ್ನು ತೆಲುಗು, ತಮಿಳು, ಹಿಂದಿ ಮೂರೂ ಭಾಷೆಗಳಲ್ಲಿ ಭಾನುಮತಿಯವರೇ ನಿರ್ದೇಶಿಸಿದರು, ದ್ವಿಪಾತ್ರದಲ್ಲಿ ತಾವೇ ನಟಿಸಿದರು. ಮರುವರ್ಷ ‘ಚಕ್ರಪಾಣಿ’ ಚಿತ್ರಕ್ಕೆ ಸಂಗೀತವನ್ನೂ ಕೊಟ್ಟರು. ತಮಿಳಿನಲ್ಲಿ ಎಂ. ಜಿ. ಆರ್. ಜೊತೆ ‘ಮಲೈಕ್ಕಳ್ಳನ್’, ‘ಮದುರೈ ವೀರನ್’, ‘ಅಲಿಬಾಬಾವುಂ 40 ತಿರುಡರ್‌ಗಳುಂ’, ಶಿವಾಜಿ ಗಣೇಶನ್ ಜೊತೆ ‘ಅಂಬಿಕಾಪತಿ’, 1962ರಲ್ಲಿ ಎ. ವಿ. ಎಂ. ಸಂಸ್ಥೆಯ ‘ಅನ್ನೈ’. ಸಿ. ಎನ್. ಅಣ್ಣಾದುರೈ ಅವರು ಈ ನಟಿಯನ್ನು ನಟನೆಗೇ ವ್ಯಾಕರಣ ಎಂದು ಕೊಂಡಾಡಿದ್ದರು.

ಇಷ್ಟೆಲ್ಲ ಇದ್ದರೂ ಜನ ಭಾನುಮತಿ ಎಂದೊಡನೆ ‘ಮಿಸ್ಸಮ್ಮ’ ಚಿತ್ರದ ಜಗಳವನ್ನೇ ಎತ್ತುತ್ತಾರೆ, ತಮ್ಮ ಬರಹವೂ ಹೊರತಲ್ಲ. ವರಮಹಾಲಕ್ಷ್ಮಿ ವ್ರತ ಮುಗಿಸಿ ಚಿತ್ರೀಕರಣಕ್ಕೆ ತಡವಾಗಿ ಬಂದ ಅವರಿಂದ ನಿರ್ಮಾಪಕ ಚಕ್ರಪಾಣಿ ಕ್ಷಮಾಪಣೆ ಕೇಳಿದರು, ಇವರು ಕೊಡಲಿಲ್ಲ, ಆಗಲೇ ತೆಗೆದಿದ್ದ ರೀಲುಗಳನ್ನು ಚಕ್ರಪಾಣಿ ಸುಟ್ಟುಹಾಕಿದರು, ಪಾತ್ರ ಸಾವಿತ್ರಿಗೆ ಹೋಯಿತು. ಈ ಕಥೆಗೆ ‘ಗರ್ವ’ ಎಂಬ ಶೀರ್ಷಿಕೆ ಕೊಡುವುದು ಸುಲಭ. ಆ ಹೊತ್ತಿಗೆ ಅವರು ಸ್ವತಃ ನಿರ್ಮಾಪಕಿಯೂ ನಿರ್ದೇಶಕಿಯೂ ಆಗಿದ್ದರು, ಒಂದು ಪಾತ್ರ ಕೈತಪ್ಪಿದರೆ ಬೀದಿಗೆ ಬೀಳುವ ಸ್ಥಿತಿ ಅವರದಾಗಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಸೇರಿಸುವುದಿಲ್ಲ. 1955ರಲ್ಲಿ ತೆರೆಕಂಡ ಚಿತ್ರದಲ್ಲಿ ಸಾವಿತ್ರಿಗೆ ಪಿ. ಲೀಲಾ ಹಾಡಿದರು, ಭಾನುಮತಿ ಇದ್ದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಅಷ್ಟಾಗಿಯೂ, ಆ ಚಿತ್ರದಿಂದ ಸಾವಿತ್ರಿಯಂಥ ದೊಡ್ಡ ನಟಿ ಸಿಕ್ಕಳಲ್ಲ ಎಂದು ಮುಂದೆ ಸಂತೋಷಪಟ್ಟವರೂ ಇದೇ ‘ಗರ್ವಿಷ್ಠೆ’.

ಬರವಣಿಗೆಯ ವಿಷಯಕ್ಕೆ ತಮ್ಮ ಲೇಖಕರು ಒಂದೇ ಪದ ಖರ್ಚು ಮಾಡಿದ್ದಾರೆ. ಸೊಸೆಯ ಬಾಯಲ್ಲಿ ಅತ್ತೆಯ ಮಡಿ, ಉಪ್ಪಿನಕಾಯಿ, ಹಟಗಳನ್ನು ಹೇಳುತ್ತ, ನಗಿಸುತ್ತಲೇ ಆ ಅತ್ತೆಯನ್ನು ಪ್ರೀತಿಸುವಂತೆ ಮಾಡುವ ‘ಅತ್ತಗಾರಿ ಕಥಲು’ ತೆಲುಗು ಹಾಸ್ಯ ಸಾಹಿತ್ಯದಲ್ಲಿ ನಿಲ್ಲುವ ಕೃತಿ; ಆಂಧ್ರಪ್ರದೇಶ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದದ್ದು. ಸಿನಿಮಾದವರ ಪುಸ್ತಕ ಎಂಬ ರಿಯಾಯಿತಿ ಅದಕ್ಕೆ ಬೇಕಿಲ್ಲ. ಅಲ್ಲಿ ಮಾತಿಗೆ ಸಿಗುವ ತಾಳ ಹಾಡುಗಾರ್ತಿಯ ಕಿವಿಯಿಂದ ಬಂದದ್ದು ಎಂಬುದು ನನ್ನ ಅನಿಸಿಕೆ. ಆತ್ಮಕಥೆ ‘ನಾಲೋ ನೇನು’ಗೆ ಸಿನಿಮಾ ಕುರಿತ ಪುಸ್ತಕಕ್ಕೆ ಕೊಡುವ ರಾಷ್ಟ್ರಪ್ರಶಸ್ತಿ ದೊರೆಯಿತು. 1966ರಲ್ಲಿ ಪದ್ಮಶ್ರೀ, ಬಹಳ ಕಾಲದ ನಂತರ ಪದ್ಮಭೂಷಣ ಬಂದವು. ತಮಿಳುನಾಡು ಸರ್ಕಾರದ ಸಂಗೀತ ಕಾಲೇಜಿನ ಪ್ರಾಂಶುಪಾಲರಾಗಿಯೂ ಅವರು ಕೆಲಸ ಮಾಡಿದರು. 1984ರ ‘ಮಂಗಮ್ಮಗಾರಿ ಮನವಡು’ವಿನ ಅಜ್ಜಿಯಾಗಿ ಹೊಸ ತಲೆಮಾರಿಗೂ ಪರಿಚಿತರಾದ ಅವರು 2005ರ ಡಿಸೆಂಬರ್ 24ರಂದು ಚೆನ್ನೈನಲ್ಲಿ ತೀರಿಕೊಂಡರು.

ಕೊನೆಯದಾಗಿ ಒಂದು ತಿದ್ದುಪಡಿ. ಭಾನುಮತಿಯವರನ್ನು ತಮ್ಮ ಬರಹವು ‘ದಕ್ಷಿಣ ಭಾರತದ ಮೊದಲ ಮಹಿಳಾ ನಿರ್ದೇಶಕಿ’ ಎಂದಿದೆ. ಅವರು ತೆಲುಗಿನ ಮೊದಲ ನಿರ್ದೇಶಕಿ ಎಂಬುದು ಸರಿ; ಆದರೆ ತಮಿಳಿನಲ್ಲಿ ಟಿ. ಪಿ. ರಾಜಲಕ್ಷ್ಮಿ 1936ರಲ್ಲೇ ‘ಮಿಸ್ ಕಮಲಾ’ ನಿರ್ದೇಶಿಸಿದ್ದರು. ನಮ್ಮಲ್ಲಿ ಎಂ. ವಿ. ರಾಜಮ್ಮ 1943ರಲ್ಲೇ ‘ರಾಧಾರಮಣ’ದ ನಿರ್ಮಾಪಕಿಯಾದರೂ, ಹೆಣ್ಣೊಬ್ಬಳು ನಿರ್ದೇಶಿಸಿದ ಕನ್ನಡ ಚಿತ್ರಕ್ಕಾಗಿ 1980ರ, ನಟಿ ಲಕ್ಷ್ಮಿಯವರ ‘ಮಕ್ಕಳ ಸೈನ್ಯ’ದವರೆಗೆ ಕಾಯಬೇಕಾಯಿತು. ಈ ತಿದ್ದುಪಡಿಯನ್ನು ಪುರವಣಿಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಪುರವಣಿಯ ಹಳೆಯ ಓದುಗ