ಪಶು ಪ್ರಯೋಗಾಲಯಕ್ಕೆ ಜನ ಕೊಡಿ

ಮಾನ್ಯರೇ,

ನಮ್ಮ ಹಸು ಏಳು ತಿಂಗಳ ಗಬ್ಬದಲ್ಲಿ ಕಂದು ಹಾಕಿತು. ಗಬ್ಬದ ಹಸು ಕಂದು ಹಾಕುವಂತೆ ಮಾಡುವ ಬ್ರುಸೆಲ್ಲಾ ಅನ್ನೋ ಅಂಟುರೋಗ ಇರಬಹುದೆಂದು ಡಾಕ್ಟರು ರಕ್ತ ತೆಗೆದು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರಲು ತಿಂಗಳಾಯಿತು. ವಿಚಾರಿಸಲು ಹೋದರೆ, ಎಲ್ಲ ಕೆಲಸಕ್ಕೂ ಇಬ್ಬರೇ ಇದ್ದರು. ಬೈಯಲು ಮನಸ್ಸಾಗಲಿಲ್ಲ. ಅಲ್ಲಿ ಹಸುಗಳಿಗೆ ಗಬ್ಬ ಕಟ್ಟಿಸಲು ಇಟ್ಟ ವೀರ್ಯದ ಕಡ್ಡಿಗಳು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಯೇ ಇರಬೇಕು. ಆ ಸಾರಜನಕ ಆವಿಯಾಗುತ್ತಲೇ ಇರುತ್ತದೆ. ರಜೆ ದಿನವೂ ಯಾರಾದರೂ ನೋಡಬೇಕಲ್ವಾ?

ಬ್ರುಸೆಲ್ಲಾ ರೋಗ ಹಸಿ ಹಾಲಿನಿಂದ, ಕಂದು ಹಾಕಿದ ಹಸುವಿನ ಮಾಸಿನಿಂದ ಮನುಷ್ಯರಿಗೂ ಅಂಟುತ್ತದೆ. ಕೊಟ್ಟಿಗೆ ತೊಳೆಯುವವರು ಜಾಸ್ತಿ ನಮ್ಮ ಹೆಣ್ಣುಮಕ್ಕಳೇ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಇದೆ, ನಿಜ. ಆದರೆ ದೊಡ್ಡ ಹಸುವಿಗೆ ರೋಗ ಇದೆಯೋ ಇಲ್ಲವೋ ತಿಳಿಯಲು ಪ್ರಯೋಗಾಲಯವೇ ಬೇಕು. ಅಲ್ಲಿಗೆ ಬೇಕಾದ ಸಿಬ್ಬಂದಿಯನ್ನು ಸರ್ಕಾರ ಈ ವರ್ಷವೇ ಕೊಡಲಿ.

– ಒಬ್ಬ ಹೈನುಗಾರ, ತಿಪಟೂರು ತಾಲ್ಲೂಕು